ಕೌಂಟ್ ಡ್ರಾಕುಲಾನ ಅಂಗಿಗೆ ಗಂಜಿ ಹಾಕಿದವರಾರು?

ಡ್ರಾಕುಲಾ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರ ಎಲ್ಲರಿಗೂ ಗೊತ್ತು. ಹಿಂದಕ್ಕೆ ಬಾಚಿದ ಕಪ್ಪು ಕೂದಲು, ಬಿಳಿಚಿದ ಮುಖ, ಕತ್ತಿನ ಹಿಂದೆ ಎದ್ದು ನಿಂತ ಕಾಲರಿನ ಕರಿಯ ನಿಲುವಂಗಿ. ಆ ಕಪ್ಪಿನ ನಡುವೆ ಹಲಗೆಯಂತೆ ಸೆಟೆದು ನಿಂತ ಬೆಳ್ಳನೆಯ ಅಂಗಿಯ ಎದೆ. ಭಯ ಹುಟ್ಟಿಸುವ ಕೆಲಸದಲ್ಲಿ ಕೋರೆಹಲ್ಲಿಗೆ ಎಷ್ಟು ಪಾಲಿದೆಯೋ ಈ ಅಂಗಿಗೂ ಅಷ್ಟೇ ಪಾಲಿದೆ.

ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ಮೂಲ ಕಾದಂಬರಿಯನ್ನು ಓದಿದವರಿಗೆ ಒಂದು ಸಂಗತಿ ನೆನಪಿರಬಹುದು. ಕೌಂಟನ ಕೋಟೆಗೆ ಅತಿಥಿಯಾಗಿ ಬಂದ ಜೊನಾಥನ್ ಹಾರ್ಕರನಿಗೆ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬ ಆಳೂ ಕಾಣುವುದಿಲ್ಲ. ಕೊನೆಗೆ ಕೌಂಟನೇ ಹಾಸಿಗೆ ಸರಿಪಡಿಸುವುದನ್ನೂ ಊಟದ ಮೇಜು ಅಣಿಮಾಡುವುದನ್ನೂ ಆತ ಕಣ್ಣಾರೆ ಕಾಣುತ್ತಾನೆ. ಹಾಗಾದರೆ ಅಂಗಿ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದವರು ಯಾರು? ಕನ್ನಡಿಯಲ್ಲಿ ತನ್ನ ಪ್ರತಿಬಿಂಬವೇ ಮೂಡದವನು ಅಷ್ಟು ಒಪ್ಪವಾಗಿ ಬೋ ಟೈ ಕಟ್ಟಿಕೊಂಡದ್ದು ಹೇಗೆ?

ಇದು ತಮಾಷೆಯ ಪ್ರಶ್ನೆ, ನಿಜ. ಆದರೆ ಡ್ರಾಕುಲಾನ ವೇಷ ಕಟ್ಟಲು ಹೊರಟವರಿಗೆ ಇದೇ ಮೊದಲ ಪ್ರಶ್ನೆ. ಅಂಥ ಅಂಗಿ ಇಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದನ್ನು ಹೊಲಿಯುವ ಬಗೆ ಬಹುತೇಕ ದರ್ಜಿಗಳಿಗೆ ಮರೆತುಹೋಗಿದೆ. ಮರೆತುಹೋದ ಈ ವಿದ್ಯೆಯನ್ನು ಈಗ ಹುಡುಕಿ ತೆಗೆಯುತ್ತಿರುವವರಲ್ಲಿ ಕಾಸ್‌ಪ್ಲೇ ಹವ್ಯಾಸಿಗಳೂ ಸೇರಿದ್ದಾರೆ.

ವೇಷದ ಹವ್ಯಾಸ

ಕಾಸ್‌ಪ್ಲೇ ಎಂದರೆ ಕಥೆ, ಚಿತ್ರಕಥೆ, ಸಿನಿಮಾಗಳ ಪಾತ್ರವೊಂದರ ಉಡುಗೆಯನ್ನು ಸಾಧ್ಯವಾದಷ್ಟು ನಿಖರವಾಗಿ ತಯಾರಿಸಿ, ತೊಟ್ಟು, ಆ ಪಾತ್ರವೇ ಆಗಿ ನಡೆದಾಡುವುದು. ಕಾಸ್ಟ್ಯೂಮ್, ಪ್ಲೇ ಎಂಬ ಎರಡು ಇಂಗ್ಲಿಷ್ ಪದಗಳನ್ನು ಕತ್ತರಿಸಿ ಜೋಡಿಸಿ ಈ ಪದವನ್ನು ಟಂಕಿಸಿದವರು ಜಪಾನೀಯರು, 1980ರ ದಶಕದಲ್ಲಿ. ಹೆಸರು ಅವರದಾದರೂ ರೂಢಿ ಇನ್ನೂ ಹಳೆಯದು. 1939ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ವಿಜ್ಞಾನ ಕಥಾ ಸಮ್ಮೇಳನ ನಡೆದಾಗ ಫಾರೆಸ್ಟ್ ಅಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಎಂಬ ಇಬ್ಬರು ಅಭಿಮಾನಿಗಳು ಭವಿಷ್ಯದ ಲೋಕದ ಉಡುಗೆ ತೊಟ್ಟು ಬಂದರು. ಎರಡು ಉಡುಗೆಗಳನ್ನೂ ಹೊಲಿದವರು ಮರ್ಟಲ್ ಡಗ್ಲಸ್. ಉಳಿದವರು ಮಾಮೂಲಿ ಕೋಟು, ಟೈಗಳಲ್ಲಿ ಬಂದಿದ್ದರು. ಮರುವರ್ಷದ ಸಮ್ಮೇಳನದಲ್ಲಿ ವೇಷ ತೊಟ್ಟವರ ಸಂಖ್ಯೆ ಬೆಳೆಯಿತು.

ಭಾರತದಲ್ಲಿ ಕಾಮಿಕ್ ಕಾನ್ ಮೇಳ 2011ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಈಗ ಬೆಂಗಳೂರಿನಲ್ಲೂ ನಡೆಯುತ್ತದೆ. ಅಲ್ಲಿಗೆ ವೇಷ ತೊಟ್ಟು ಬರುವ ಹುಡುಗ ಹುಡುಗಿಯರನ್ನು ಕಂಡು, 'ಇದೇನು ಶಾಲೆಯ ಛದ್ಮವೇಷ ಸ್ಪರ್ಧೆಯೇ?' ಎಂದು ಮೂಗು ಮುರಿಯುವ ಹಿರಿಯರಿದ್ದಾರೆ. ಛದ್ಮವೇಷ ಸ್ಪರ್ಧೆಯಲ್ಲಿ ಮಗುವಿನ ವೇಷ ಕಟ್ಟುವವರು ತಾಯಿ ತಂದೆ. ಇಲ್ಲಿ ತೊಡುವವರೇ ಅಳೆದು, ಕತ್ತರಿಸಿ, ಹೊಲಿದು, ಕೆಡಿಸಿ, ಮತ್ತೆ ಹೊಲಿಯುತ್ತಾರೆ. ಎರಡಕ್ಕೂ ಇರುವ ಅಂತರ ಇದು. ಡ್ರಾಕುಲಾನ ಅಂಗಿಯೊಂದನ್ನೇ ತೆಗೆದುಕೊಂಡರೂ ಅದರ ಹಿಂದೆ ಎಷ್ಟು ವಿಜ್ಞಾನವಿದೆ, ಎಷ್ಟು ಚರಿತ್ರೆಯಿದೆ ಎಂಬುದನ್ನು ನೋಡಬಹುದು.

ಯಾವ ಡ್ರಾಕುಲಾ?

ಮೊದಲು ತೀರ್ಮಾನವಾಗಬೇಕಾದದ್ದು, ಯಾವ ಡ್ರಾಕುಲಾ ಎಂಬುದು. ಸ್ಟೋಕರನ ಕೌಂಟ್ ಉದ್ದನೆಯ ಬಿಳಿ ಮೀಸೆಯ ಮುದುಕ. ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ ತೊಟ್ಟವನು. ಅವನಿಗೆ ಸಂಜೆಯ ಔತಣಕೂಟದ ಉಡುಗೆ ತೊಡಿಸಿದ್ದು ರಂಗಭೂಮಿ. ಹ್ಯಾಮಿಲ್ಟನ್ ಡೀನ್ 1924ರಲ್ಲಿ ಇಂಗ್ಲೆಂಡಿನ ಡರ್ಬಿ ನಗರದಲ್ಲಿ ಕಾದಂಬರಿಯನ್ನು ನಾಟಕವಾಗಿ ಆಡಿಸಿದರು. ನಾಟಕದ ಕೌಂಟ್ ಲಂಡನ್ನಿನ ಸಭ್ಯರ ಮನೆಯ ದಿವಾನಖಾನೆಗೆ ಬಂದು ಹೋಗಬೇಕಿತ್ತು. ಬಾಗಿಲಲ್ಲೇ ತಡೆಯುವಂಥ ರೂಪದಲ್ಲಿ ಬಂದರೆ ಕಥೆ ಮುಂದುವರಿಯುವುದಾದರೂ ಹೇಗೆ? ಹಾಗಾಗಿ ಮೀಸೆ ಹೋಯಿತು, ಔತಣದ ಕರಿ ಕೋಟು ಬಂತು. ನಿಲುವಂಗಿಯ ಎತ್ತರದ ಕಾಲರಿಗೂ ಕಾರಣವಿತ್ತು. ನಟ ಪ್ರೇಕ್ಷಕರಿಗೆ ಬೆನ್ನು ತಿರುಗಿಸಿದರೆ ತಲೆ ಮರೆಯಾಗುತ್ತಿತ್ತು. ಆ ಮರೆಯಲ್ಲಿ ಆತ ನಿಲುವಂಗಿಯಿಂದ ನುಸುಳಿಕೊಂಡು 'ಮಾಯ'ವಾಗುತ್ತಿದ್ದ!

ನಾಟಕ 1927ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ಬಂದಾಗ ಹಂಗೇರಿ ಮೂಲದ ನಟ ಬೆಲಾ ಲುಗೋಸಿ ಕೌಂಟನ ಪಾತ್ರ ವಹಿಸಿದರು. ಟಾಡ್ ಬ್ರೌನಿಂಗ್ ನಿರ್ದೇಶನದಲ್ಲಿ ಯೂನಿವರ್ಸಲ್ ಸಂಸ್ಥೆ 1931ರಲ್ಲಿ ತೆರೆಗೆ ತಂದ ಚಿತ್ರದಲ್ಲೂ ಅವರೇ ನಾಯಕ. ನಮ್ಮ ಕಣ್ಣಲ್ಲಿ ಕುಳಿತಿರುವ ಡ್ರಾಕುಲಾ ಈ ಲುಗೋಸಿಯೇ. ಸ್ವಾರಸ್ಯವೆಂದರೆ ಆ ಚಿತ್ರದಲ್ಲಿ ಲುಗೋಸಿಯ ಬಾಯಲ್ಲಿ ಕೋರೆಹಲ್ಲು ಕಾಣಿಸುವುದೇ ಇಲ್ಲ. 1958ರ ಚಿತ್ರದಲ್ಲಿ ಕ್ರಿಸ್ಟೋಫರ್ ಲೀ ರಕ್ತಸಿಕ್ತ ಕೋರೆಹಲ್ಲು ತೋರಿಸಿ ಹೆದರಿಸಿದರು. ಆದ್ದರಿಂದ ಲುಗೋಸಿಯ ವೇಷ ಕಟ್ಟುವವರು ಹಲ್ಲಿಗೆ ಖರ್ಚು ಮಾಡುವ ಹಣವನ್ನು ಅಂಗಿಗೆ ಹಾಕಬಹುದು. ಲುಗೋಸಿ 1956ರಲ್ಲಿ ತೀರಿಕೊಂಡಾಗ ಅವರನ್ನು ಡ್ರಾಕುಲಾನ ನಿಲುವಂಗಿ ಹೊದಿಸಿಯೇ ಮಣ್ಣು ಮಾಡಿದರು.

ಅಂಗಿಯ ಅಂಗರಚನೆ

ಲುಗೋಸಿ ತೊಟ್ಟದ್ದು ಪಾಶ್ಚಾತ್ಯರು 'ವೈಟ್ ಟೈ' ಎಂದು ಕರೆಯುವ ಉಡುಗೆ. ಬಾಲವಿರುವ ಕರಿ ಕೋಟು, ಬಿಳಿ ವೇಸ್ಟ್‌ಕೋಟು, ಬಿಳಿ ಬೋ ಟೈ, ಒಳಗೆ ಗಟ್ಟಿ ಎದೆಯ ಅಂಗಿ. ಈ ಅಂಗಿ ಒಂದೇ ಬಟ್ಟೆಯದಲ್ಲ. ಬೆನ್ನು, ತೋಳುಗಳಿಗೆ ತೆಳು ಹತ್ತಿ ಬಟ್ಟೆ. ಎದೆಗೆ ಮಾತ್ರ ಪ್ರತ್ಯೇಕವಾದ ದಪ್ಪ ತುಂಡು. ಕಾಲರ್ ಅಂಗಿಗೆ ಹೊಲಿದದ್ದಲ್ಲ, ಬಿಡಿ. ಅಂಗಿಯ ಕೊರಳಿಗೆ ಇರುವುದು ಬರಿಯ ಪಟ್ಟಿ. ಹಿಂದೊಂದು ಮುಂದೊಂದು ಲೋಹದ ಗುಂಡಿ ಹಾಕಿ ಕಾಲರನ್ನು ಅದಕ್ಕೆ ಸಿಕ್ಕಿಸಬೇಕು. ಎದೆಯ ಮೇಲೂ ಹೊಲಿದ ಗುಂಡಿಗಳಿಲ್ಲ. ಎರಡು ಬದಿಗೂ ಕಾಜ ಮಾಡಿ 'ಸ್ಟಡ್' ಎಂಬ ಬಿಡಿಗುಂಡಿಗಳನ್ನು ತೂರಿಸುತ್ತಾರೆ. ಕಫ್‌ಗಳಿಗೂ ಬಿಡಿಗುಂಡಿಯೇ.

ಮನೆಯಲ್ಲಿ ಇದನ್ನು ತಯಾರಿಸುವ ಸುಲಭ ದಾರಿಯೊಂದಿದೆ. ನಮ್ಮ ದರ್ಜಿಗಳು ಚೈನೀಸ್ ಕಾಲರ್ ಎನ್ನುವ, ಪಟ್ಟಿ ಮಾತ್ರ ಇರುವ ಬಿಳಿ ಪಾಪ್ಲಿನ್ ಅಂಗಿಯನ್ನು ಹೊಲಿಸಿಕೊಂಡು, ಎದೆಯ ತುಂಡನ್ನೂ ಕಾಲರನ್ನೂ ಬೇರೆಯಾಗಿ ಮಾಡಿಕೊಂಡರಾಯಿತು. ಹೊಸ ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡುವುದನ್ನು ಮರೆಯಬಾರದು. ನೇಯುವಾಗ ಬಿಗಿದು ಎಳೆದ ನೂಲು ಮೊದಲ ಬಾರಿ ನೀರು ಕಂಡಾಗ ಸಡಿಲವಾಗಿ ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ಹೊಲಿದ ಮೇಲೆ ಹೀಗಾದರೆ ಎದೆಯ ತುಂಡು ಸೊಟ್ಟಗಾಗುತ್ತದೆ.

ಎದೆಯ ತುಂಡಿನ ಅಗಲವನ್ನು ವೇಸ್ಟ್‌ಕೋಟು ನಿರ್ಧರಿಸುತ್ತದೆ. ಅದು ತೆರೆದಿರುವ ಜಾಗವನ್ನು ಪೂರ್ತಿ ತುಂಬಿ, ಅಂಚು ಎರಡೂ ಬದಿಗೆ ಒಂದೊಂದು ಇಂಚು ಒಳಗೆ ಅಡಗಿದರೆ ಸಾಕು. ಉದ್ದದ ವಿಷಯದಲ್ಲಿ ಎಚ್ಚರ ಬೇಕು. ತುಂಡು ಪ್ಯಾಂಟಿನ ಪಟ್ಟಿಗಿಂತ ಮೇಲೆಯೇ ನಿಲ್ಲಬೇಕು. ಅದಕ್ಕಿಂತ ಉದ್ದವಾದರೆ ಕುಳಿತೊಡನೆ ಕೆಳತುದಿಗೆ ಪ್ಯಾಂಟು ತಾಗಿ, ಇಡೀ ಎದೆ ಬಿಲ್ಲಿನಂತೆ ಬಾಗಿ ವೇಸ್ಟ್‌ಕೋಟಿನಿಂದ ಹೊರಕ್ಕೆ ಚಿಮ್ಮುತ್ತದೆ. ಹಳೆಯ ಹಾಸ್ಯಚಿತ್ರಗಳಲ್ಲಿ ಅಂಗಿಯ ಎದೆ ಸುರುಳಿಯಾಗಿ ಮುಖಕ್ಕೆ ಹೊಡೆಯುವ ದೃಶ್ಯವಿರುವುದು ಇದೇ ಕಾರಣದಿಂದ. ನಗಿಸುವುದಕ್ಕೆ ಅದು ಚೆನ್ನ, ಹೆದರಿಸಬೇಕಾದ ಡ್ರಾಕುಲಾನಿಗೆ ಅಲ್ಲ. ಆದ್ದರಿಂದ ಮೊದಲು ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ ತುಂಡನ್ನು ಕತ್ತರಿಸಿ, ಎದೆಗೆ ಪಿನ್ನು ಮಾಡಿಕೊಂಡು, ಕುರ್ಚಿಯಲ್ಲಿ ಕುಳಿತು ಎದ್ದು ನೋಡಬೇಕು. ಬಟ್ಟೆ ಕೆಡಿಸಿದ ಮೇಲೆ ಅಳುವುದಕ್ಕಿಂತ ಕಾಗದ ಕೆಡಿಸಿ ನಗುವುದು ಮೇಲು. ಹಳಬರು ಇನ್ನೊಂದು ಉಪಾಯ ಮಾಡಿದ್ದರು. ತುಂಡಿನ ಕೆಳಗೆ ಕಾಜವಿರುವ ಸಣ್ಣ ಪಟ್ಟಿ ಹೊಲಿದು ಅದನ್ನು ಪ್ಯಾಂಟಿನ ಒಳಗುಂಡಿಗೆ ಸಿಕ್ಕಿಸುತ್ತಿದ್ದರು. ಎದೆ ಮೇಲೇಳುತ್ತಿರಲಿಲ್ಲ.

ಕಾಲರಿನ ಅಳತೆಯಲ್ಲೊಂದು ಪುಟ್ಟ ಗಣಿತವಿದೆ. ಕಾಲರ್ ಕೊರಳ ಪಟ್ಟಿಗಿಂತ ಅರ್ಧ ಇಂಚು ಉದ್ದವಿರಬೇಕು ಎಂಬುದು ಹಳೆಯ ನಿಯಮ. ಯಾಕೆ? ಕಾಲರ್ ಪಟ್ಟಿಯ ಹೊರಗೆ ಸುತ್ತುವ ದೊಡ್ಡ ವೃತ್ತ. ತ್ರಿಜ್ಯ 2 ಮಿಲಿಮೀಟರ್ ಹೆಚ್ಚಾದರೆ ಪರಿಧಿ ಎಷ್ಟು ಹೆಚ್ಚುತ್ತದೆ? ಎರಡು ಪೈ ಗುಣಿಸು ಎರಡು, ಅಂದರೆ ಸುಮಾರು 12.6 ಮಿಲಿಮೀಟರ್. ಅರ್ಧ ಇಂಚು ಎಂದರೆ 12.7. ಪೈ ಬೆಲೆಯನ್ನು ಎಂದೂ ಬರೆಯದ ದರ್ಜಿಯೂ ಅದನ್ನು ಬೆರಳ ತುದಿಯಲ್ಲಿ ಬಲ್ಲ.

ಗಟ್ಟಿತನದ ಗುಟ್ಟು

ಮೆತ್ತನೆಯ ಬಟ್ಟೆ ಹಲಗೆಯಂತಾಗುವುದು ಹೇಗೆ? ನಮ್ಮ ಮನೆಗಳಲ್ಲಿ ಹತ್ತಿ ಸೀರೆಗೂ ಪಂಚೆಗೂ ಅನ್ನದ ಗಂಜಿಯನ್ನೋ ಸಬ್ಬಕ್ಕಿ ಗಂಜಿಯನ್ನೋ ಹಾಕುವುದು ಹೊಸತಲ್ಲ. ತತ್ವ ಅದೇ, ಪ್ರಮಾಣ ಬೇರೆ.

ಅಕ್ಕಿ, ಜೋಳ, ಗೋಧಿ, ಆಲೂಗಡ್ಡೆ ಎಲ್ಲದರಲ್ಲೂ ಇರುವ ಪಿಷ್ಟ ಸಣ್ಣ ಸಣ್ಣ ಕಣಗಳ ರೂಪದಲ್ಲಿರುತ್ತದೆ. ತಣ್ಣೀರಿನಲ್ಲಿ ಅದು ಕರಗದು, ಕಲಕಿದರೆ ಹಾಲಿನಂತೆ ಕಂಡು ಆಮೇಲೆ ತಳ ಸೇರುತ್ತದೆ. ನೀರಿನ ಉಷ್ಣತೆ ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ. ಒಳಗಿನ ಉದ್ದುದ್ದ ಅಣುಸರಪಳಿಗಳು ಹೊರಬಂದು ನೀರನ್ನು ಅಂಟಾಗಿಸುತ್ತವೆ. ಈ ಅಂಟು ನೂಲಿನ ಎಳೆಗಳ ಸಂದಿಗೆ ಇಳಿಯುತ್ತದೆ. ಹತ್ತಿಯ ಸೆಲ್ಯುಲೋಸ್ ಕೂಡ ಪಿಷ್ಟದಂತೆಯೇ ಗ್ಲೂಕೋಸಿನಿಂದ ಕಟ್ಟಿದ ಸರಪಳಿ. ನೆಂಟರಾದ್ದರಿಂದ ಎರಡೂ ಸುಲಭವಾಗಿ ಕೈ ಹಿಡಿಯುತ್ತವೆ. ನೀರು ಆರಿದಾಗ ಎಳೆಗಳು ಒಂದಕ್ಕೊಂದು ಜಾರದಂತೆ ಬೆಸೆದುಕೊಳ್ಳುತ್ತವೆ.

ಇಲ್ಲಿ ಭೌತಶಾಸ್ತ್ರದ ನಿಯಮವೊಂದು ಕೆಲಸ ಮಾಡುತ್ತದೆ. ಹಾಳೆಯೊಂದು ಬಾಗುವುದಕ್ಕೆ ಒಡ್ಡುವ ವಿರೋಧ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. ಆದರೆ ಎರಡು ಹಾಳೆಗಳು ಬಿಡಿಬಿಡಿಯಾಗಿದ್ದರೆ ಒಂದರ ಮೇಲೊಂದು ಜಾರುವುದರಿಂದ ಬಿಗಿತ ಕೇವಲ ಎರಡು ಪಟ್ಟು. ಹತ್ತು ಹಾಳೆ ಪತ್ರಿಕೆಯನ್ನು ಸುಮ್ಮನೆ ಜೋಡಿಸಿ ಬಾಗಿಸಿ ನೋಡಿ. ಆಮೇಲೆ ಅದೇ ಹತ್ತು ಹಾಳೆಗಳನ್ನು ಮೈದಾ ಅಂಟಿನಿಂದ ಪೂರ್ತಿ ಅಂಟಿಸಿ, ಒಣಗಿಸಿ, ಬಾಗಿಸಿ ನೋಡಿ. ಲೆಕ್ಕದ ಪ್ರಕಾರ ಮೊದಲನೆಯದು ಹತ್ತು ಪಟ್ಟು, ಎರಡನೆಯದು ಸಾವಿರ ಪಟ್ಟು. ಅಂಗಿಯ ಎದೆಗೆ ಎರಡು ಮೂರು ಪದರ ಬಟ್ಟೆ ಇಟ್ಟು ಗಂಜಿಯಿಂದ ಒಂದಾಗಿಸುವುದರ ಗುಟ್ಟು ಇದೇ. ಗಂಜಿ ಬಟ್ಟೆಯನ್ನು ಗಟ್ಟಿಮಾಡುವುದಷ್ಟೇ ಅಲ್ಲ, ಪದರಗಳು ಜಾರುವುದನ್ನು ತಡೆಯುತ್ತದೆ.

ಎದೆಗೆ ಹಳಬರು ಆರಿಸುತ್ತಿದ್ದದ್ದು ನಯವಾದ ಲಿನನ್ ಅಥವಾ ಉಬ್ಬುತಗ್ಗಿನ ನೇಯ್ಗೆಯ ಪಿಕೆ ಬಟ್ಟೆ. ತಗ್ಗುಗಳಲ್ಲಿ ಗಂಜಿ ಹೆಚ್ಚು ನಿಲ್ಲುತ್ತದೆ ಎಂಬುದು ಪಿಕೆಯ ಅನುಕೂಲ. ಗಂಜಿ ಹಾಕುವ ಬಗೆಯೂ ಎರಡು. ಕುದಿಸಿದ ಗಂಜಿಯಲ್ಲಿ ಅದ್ದುವುದು ಒಂದು. ಇನ್ನೊಂದರಲ್ಲಿ ಹಸಿ ಪಿಷ್ಟವನ್ನು ತಣ್ಣೀರಿನಲ್ಲಿ ಕಲಸಿ, ಚಿಟಿಕೆ ಬಿಳಿಗಾರ ಬೆರೆಸಿ, ಅದರಲ್ಲಿ ಬಟ್ಟೆಯನ್ನು ಅದ್ದಿ, ಹಿಂಡಿ, ತೇವವಿರುವಾಗಲೇ ಕಾದ ಇಸ್ತ್ರಿ ಒತ್ತುತ್ತಾರೆ. ಆಗ ಪಿಷ್ಟ ಬೇಯುವುದು ಪಾತ್ರೆಯಲ್ಲಲ್ಲ, ನೂಲಿನ ಒಳಗೇ! ಹೆಚ್ಚು ಗಟ್ಟಿಯಾಗುವುದು ಈ ಎರಡನೆಯ ಬಗೆಯಿಂದ. ಕೊನೆಗೆ ಉಬ್ಬು ತಳದ ಸಣ್ಣ ಇಸ್ತ್ರಿಯಿಂದ ಒತ್ತಿ ಉಜ್ಜಿ ಹೊಳಪು ತರಿಸುತ್ತಿದ್ದರು. ಇಸ್ತ್ರಿ ವಿಪರೀತ ಕಾದರೆ ಪಿಷ್ಟ ಸೀದು ಕಂದು ಕಲೆಯಾಗುತ್ತದೆ, ಅದು ಹೋಗುವುದು ಕಷ್ಟ. ಮೊದಲು ಹಳೆಯ ಬಟ್ಟೆಯ ಚೂರಿನಲ್ಲಿ ಪರೀಕ್ಷಿಸುವುದು ಕ್ಷೇಮ.

ಗಂಜಿಗೆ ಶತ್ರು ನೀರು. ಬೆವರು, ಮಳೆಗಾಳಿಯ ತೇವ ತಗುಲಿದರೆ ನೀರಿನ ಅಣುಗಳು ಸರಪಳಿಗಳ ನಡುವೆ ನುಸುಳಿ ಹಿಡಿತ ಸಡಿಲಿಸುತ್ತವೆ. ಮಂಗಳೂರಿನ ಆಷಾಢದಲ್ಲಿ ಡ್ರಾಕುಲಾನ ಎದೆ ಗಂಟೆಯೊಳಗೆ ಜೋಲುಬಿದ್ದೀತು. ಇದಕ್ಕೆ ಇಂದಿನ ಪರಿಹಾರ, ದರ್ಜಿಗಳು ಕಾಲರಿನೊಳಗೆ ಇಸ್ತ್ರಿಯಿಂದ ಅಂಟಿಸುವ ಕ್ಯಾನ್ವಾಸು. ಅದರ ಒಂದು ಮುಖದಲ್ಲಿ ಬಿಸಿಗೆ ಕರಗುವ ಪ್ಲಾಸ್ಟಿಕ್ ಅಂಟಿನ ಚುಕ್ಕೆಗಳಿರುತ್ತವೆ. ಅದರ ಮೇಲೆ ತೆಳುವಾಗಿ ಗಂಜಿ ಹಾಕಿದರೆ ರೂಪವೂ ಉಂಟು, ಬಾಳಿಕೆಯೂ ಉಂಟು. ಮೇಳ ಮುಗಿದ ಮೇಲೆ ಮಾತ್ರ ಗಂಜಿಯನ್ನು ಪೂರ್ತಿ ತೊಳೆದು ಮಡಿಸಿಡಬೇಕು. ಇಲ್ಲದಿದ್ದರೆ ಮರುವರ್ಷ ಪೆಟ್ಟಿಗೆ ತೆರೆದಾಗ ಜಿರಳೆಗಳು ಔತಣ ಮುಗಿಸಿ ಹೋಗಿರುತ್ತವೆ.

ಬಿಳಿ ಎಷ್ಟು ಬಿಳಿ?

ಅತಿ ಬಿಳುಪು ಕೂಡ ಇಲ್ಲಿ ತಪ್ಪೇ. ಇಂದಿನ ಸಾಬೂನು ಪುಡಿಗಳಲ್ಲಿಯೂ ಅನೇಕ ಬಿಳಿ ಬಟ್ಟೆಗಳಲ್ಲಿಯೂ ಹೊಳಪುಕಾರಕ ರಾಸಾಯನಿಕಗಳಿರುತ್ತವೆ. ಅವು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಸೂಸುತ್ತವೆ. ಬಟ್ಟೆಯ ಹಳದಿ ಛಾಯೆ ಅಡಗಿ 'ಬಿಳಿಗಿಂತ ಬಿಳಿ' ಕಾಣುತ್ತದೆ. ಇವು ಮಾರುಕಟ್ಟೆಗೆ ಬಂದದ್ದು 1931ರ ನಂತರ. ಅದಕ್ಕೂ ಮೊದಲು ಇದ್ದದ್ದು ನೀಲಿ ಮಾತ್ರ. 1828ರಲ್ಲಿ ಫ್ರಾನ್ಸಿನ ಗಿಮೆ ಕೃತಕ ಅಲ್ಟ್ರಾಮರೀನ್ ತಯಾರಿಸಿ ಬಹುಮಾನ ಗಳಿಸಿದ ಮೇಲೆ ನೀಲಿ ಅಗ್ಗವಾಯಿತು. ನೇರಳೆ ದೀಪ ಹಾಕಿದ ಸಭಾಂಗಣದಲ್ಲಿ ಹೊಳಪುಕಾರಕದ ಅಂಗಿ ತೊಟ್ಟ ಡ್ರಾಕುಲಾ ಟ್ಯೂಬ್‌ಲೈಟಿನಂತೆ ಹೊಳೆಯುತ್ತಾನೆ. ಛಾಯಾಚಿತ್ರದಲ್ಲಂತೂ ಅಂಗಿ ಮಾತ್ರ ಬೆಳಗಿ ಮುಖ ಮಂಕಾಗುತ್ತದೆ.

ನಾಟಕ, ಸಿನಿಮಾಗಳ ವೇಷಭೂಷಣದವರು ಇದಕ್ಕೆ ಅಗ್ಗದ ಔಷಧಿ ಕಂಡುಕೊಂಡಿದ್ದರು, ಟೀ. ಹಾಲು ಸಕ್ಕರೆ ಇಲ್ಲದ ತೆಳು ಟೀ ನೀರಿನಲ್ಲಿ ಬಿಳಿ ಬಟ್ಟೆಯನ್ನು ಕೆಲವು ನಿಮಿಷ ಅದ್ದಿ ತೆಗೆದರೆ ಅದರ ಟ್ಯಾನಿನ್ ಹತ್ತಿಗೆ ಹಿಡಿದು ಕಣ್ಣು ಕುಕ್ಕುವ ಬಿಳುಪು ತುಸು ಇಳಿಯುತ್ತದೆ. ನೋಡುವವರಿಗೆ ಆಗಲೂ ಬಿಳಿಯೇ. ರಂಗದ ಮೇಲಿನ ಬಿಳಿ ನಿಜವಾದ ಬಿಳಿಯಲ್ಲ ಎಂಬುದು ಒಂದು ಪಾಠ.

ಕರ್ಪೂರದ ಕಾಲರು

ಗಂಜಿಯ ಗೋಳು ತಪ್ಪಿಸಲು ಹತ್ತೊಂಬತ್ತನೆಯ ಶತಮಾನದಲ್ಲೇ ಎರಡು ಅಡ್ಡದಾರಿಗಳು ಹುಟ್ಟಿದ್ದವು. ಒಂದು, ಕಾಗದದ ಕಾಲರ್. ಕೊಳೆಯಾದರೆ ಎಸೆದುಬಿಡುವುದು. ಇನ್ನೊಂದು ಸೆಲ್ಯುಲಾಯ್ಡ್. ಅಮೆರಿಕದ ಜಾನ್ ಹಯಟ್ 1870ರಲ್ಲಿ ಪೇಟೆಂಟ್ ಪಡೆದ ಈ ವಸ್ತು ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರದ ಮಿಶ್ರಣ. ಅದರಿಂದ ಮಾಡಿದ ಕಾಲರನ್ನೂ ಎದೆಹಲಗೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕಿತ್ತು. ಒಗೆತದ ಖರ್ಚಿಲ್ಲ. ಆದರೆ ಹತ್ತಿಯನ್ನು ನೈಟ್ರಿಕ್ ಆಮ್ಲಕ್ಕೆ ಕೊಟ್ಟು ಕರ್ಪೂರ ಸೇರಿಸಿದರೆ ಏನಾದೀತೆಂದು ಆರತಿ ತಟ್ಟೆ ನೋಡಿದವರಿಗೆ ಹೇಳಬೇಕಿಲ್ಲ. ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತಿತ್ತು. ಅಂದಿನ ಸಿನಿಮಾ ಫಿಲ್ಮೂ ಇಂಥದೇ ವಸ್ತು. ಇಂದು ಪ್ಲಾಸ್ಟಿಕ್ ಹಾಳೆಯಿಂದ ಎದೆ, ಕಾಲರ್ ಮಾಡುವವರು ನೆನಪಿಡಬೇಕು. ಅವು ಸೆಲ್ಯುಲಾಯ್ಡಿನಷ್ಟು ಅಪಾಯಕಾರಿಯಲ್ಲದಿದ್ದರೂ ಕರಗಿ ಚರ್ಮಕ್ಕೆ ಅಂಟುತ್ತವೆ. ಮೇಣದ ಬತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುವ ಆಸೆ ಇದ್ದರೆ ಬ್ಯಾಟರಿಯ ಬತ್ತಿ ಸಾಕು.

ಗಂಜಿ ಹಾಕಿದವರು

ಈಗ ಮೊದಲ ಪ್ರಶ್ನೆಗೆ ಬರೋಣ. ಕೌಂಟನ ಅಂಗಿಗೆ ಗಂಜಿ ಹಾಕಿದವರು ಕಥೆಯಲ್ಲಿಲ್ಲ. ಚರಿತ್ರೆಯಲ್ಲಿದ್ದಾರೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ದಂಡೆಯಲ್ಲಿ ಟ್ರಾಯ್ ಎಂಬ ಊರಿದೆ. ಬಿಡಿ ಕಾಲರ್ ಹುಟ್ಟಿದ್ದು ಅಲ್ಲಿ, 1827ರಲ್ಲಿ ಎಂದು ಹೇಳುತ್ತಾರೆ. ಹನ್ನಾ ಮಾಂಟೆಗ್ಯು ಎಂಬ ಗೃಹಿಣಿಗೆ ಗಂಡನ ಅಂಗಿಯಲ್ಲಿ ಕಾಲರ್ ಮಾತ್ರ ಕೊಳೆಯಾದರೂ ಇಡೀ ಅಂಗಿ ಒಗೆಯಬೇಕಲ್ಲ ಎಂದು ಬೇಸರ ಬಂತಂತೆ. ಕತ್ತರಿ ತೆಗೆದುಕೊಂಡು ಕಾಲರನ್ನೇ ಕತ್ತರಿಸಿ, ಬೇರೆಯಾಗಿ ಒಗೆದು, ಮತ್ತೆ ಜೋಡಿಸಿದಳಂತೆ. ಹೆಂಗಸಿನ ದುಡಿಮೆ ಉಳಿಸಲು ಹುಟ್ಟಿದ ಈ ಉಪಾಯ ಕೆಲವೇ ದಶಕಗಳಲ್ಲಿ ಸಾವಿರಾರು ಹೆಂಗಸರ ದುಡಿಮೆಯಾಯಿತು. ಊರಿಗೆ ಕಾಲರ್ ನಗರ ಎಂದೇ ಹೆಸರು ಬಂತು. ಅಲ್ಲಿಯ ಲಾಂಡ್ರಿಗಳಲ್ಲಿ ಐರ್ಲೆಂಡಿನಿಂದ ವಲಸೆ ಬಂದ ಹೆಣ್ಣುಮಕ್ಕಳು ದಿನಕ್ಕೆ 12ರಿಂದ 14 ಗಂಟೆ ದುಡಿಯುತ್ತಿದ್ದರು. ಕುದಿಯುವ ನೀರು, ಬಿಳುಪು ಮಾಡುವ ಕ್ಷಾರ, ಸುಡುವ ಗಂಜಿ, ಕೆಂಡದಂಥ ಇಸ್ತ್ರಿ. ಕೈ ಸುಡುವುದು ದಿನದ ಮಾತು.

ಅವರಲ್ಲೊಬ್ಬಳು ಕೇಟ್ ಮುಲೇನಿ. 1864ರ ಫೆಬ್ರವರಿಯಲ್ಲಿ ಇನ್ನೂ ಇಪ್ಪತ್ತರ ಆಸುಪಾಸಿನ ಈಕೆ ಸುಮಾರು 300 ಮಂದಿ ಹೆಣ್ಣುಮಕ್ಕಳನ್ನು ಒಟ್ಟುಗೂಡಿಸಿ ಕಾಲರ್ ಲಾಂಡ್ರಿ ಯೂನಿಯನ್ ಕಟ್ಟಿ ಮುಷ್ಕರ ಹೂಡಿದಳು. ಕೆಲವೇ ದಿನಗಳಲ್ಲಿ ಕೂಲಿ ಹೆಚ್ಚಿತು. ಅಮೆರಿಕದಲ್ಲಿ ಬಾಳಿ ನಿಂತ ಮೊದಲ ಮಹಿಳಾ ಕಾರ್ಮಿಕ ಸಂಘಗಳಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಆದರೆ 1869ರ ಇನ್ನೊಂದು ಮುಷ್ಕರ ಸೋತಿತು. ಅದಕ್ಕೆ ಒಂದು ಕಾರಣ, ಆಗಲೇ ಹೇಳಿದ ಕಾಗದದ ಕಾಲರ್. ಒಗೆಯುವ ಅಗತ್ಯವೇ ಇಲ್ಲದ ಮಾಲು ಬಂದ ಮೇಲೆ ಒಗೆಯುವವರ ಮಾತಿಗೆ ಬೆಲೆಯೆಲ್ಲಿ? ಸಂಘ ಮುಚ್ಚಿತು. ಕೇಟ್ ಬಾಳಿದ ಮನೆ ಇಂದು ರಾಷ್ಟ್ರೀಯ ಸ್ಮಾರಕ.

ಬೆಳ್ಳನೆಯ ಗಟ್ಟಿ ಎದೆಯ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಆ ಅಂಗಿ ತೊಟ್ಟವನು ಬಗ್ಗಲಾರ, ಬೆವರಲಾರ, ಭಾರ ಎತ್ತಲಾರ. ಅಂದರೆ 'ನಾನು ಮೈಮುರಿದು ದುಡಿಯುವವನಲ್ಲ' ಎಂದು ಊರಿಗೆಲ್ಲ ಸಾರುವ ಫಲಕ ಅದು. ಆ ಫಲಕವನ್ನು ಬೆಳ್ಳಗಿಡಲು ಬೇರೆ ಯಾರೋ ಮೈಮುರಿದು ದುಡಿಯಬೇಕಿತ್ತು. ಪರರ ರಕ್ತದಿಂದ ಬದುಕುವ ಕೌಂಟನಿಗೆ ಈ ಉಡುಗೆ ಎಷ್ಟು ಸರಿಯಾಗಿ ಹೊಂದಿತು ಎಂಬುದನ್ನು ಓದುಗರೇ ಊಹಿಸಬಹುದು. ಬಡ ಗುಮಾಸ್ತನಿಗೂ ಈ ಫಲಕದಿಂದ ಬಿಡುಗಡೆ ಇರಲಿಲ್ಲ. ಇಡೀ ಅಂಗಿಗೆ ಹಣವಿಲ್ಲದವನು ಎದೆಹಲಗೆಯನ್ನಷ್ಟೇ ಕೊಂಡು, ಹರಿದ ಒಳಅಂಗಿಯ ಮೇಲೆ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಕೋಟು ತೆಗೆಯದಿದ್ದರೆ ಮಾನ ಉಳಿಯುತ್ತಿತ್ತು.

ಇಂದು ಆ ಅಂಗಿ ಹೆಚ್ಚುಕಡಿಮೆ ಕಣ್ಮರೆಯಾಗಿದೆ. ಪ್ರತಿ ವರ್ಷ ಡಿಸೆಂಬರ್ 10ರಂದು ಸ್ಟಾಕ್‌ಹೋಮಿನ ನೊಬೆಲ್ ಸಮಾರಂಭದಂಥ ಕೆಲವೇ ಕಡೆ ವೈಟ್ ಟೈ ನಿಯಮ ಉಳಿದಿದೆ. ಅಲ್ಲಿಯೂ ಅವರವರ ದೇಶದ ಉಡುಗೆಗೆ ಅವಕಾಶವಿದೆ. 2019ರಲ್ಲಿ ಅಭಿಜಿತ್ ಬ್ಯಾನರ್ಜಿ ಧೋತಿ ಉಟ್ಟು ಅರ್ಥಶಾಸ್ತ್ರದ ಪ್ರಶಸ್ತಿ ಪಡೆದರು. ಯಾರ ಗೌರವಕ್ಕೂ ಕುಂದು ಬರಲಿಲ್ಲ.

ಹಾಗಿದ್ದರೆ ಸತ್ತುಹೋದ ಉಡುಗೆಯನ್ನು ಹೊಲಿಯಲು ಹುಡುಗರು ವಾರಗಟ್ಟಲೆ ಕುಳಿತುಕೊಳ್ಳುವುದು ವ್ಯರ್ಥವೇ? ಸಿದ್ಧ ವೇಷವನ್ನು ತರಿಸಿಕೊಳ್ಳುವುದು ಇಂದು ಕಷ್ಟವಲ್ಲ. ತೆಳು ಪಾಲಿಯೆಸ್ಟರಿನ ಎದೆ, ಅದಕ್ಕೆ ಅಂಟಿಸಿದ ಟೈ, ಒಂದು ಸಂಜೆಗೆ ಸಾಲುವ ಹೊಲಿಗೆ. ಅದನ್ನು ಹೊಲಿದವರೂ ಎಲ್ಲೋ ಇದ್ದಾರೆ, ಕೌಂಟನ ಕೋಟೆಯ ಆಳುಗಳಂತೆ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ತಾನೇ ಹೊಲಿದವನಿಗೆ ಮಾತ್ರ ಪ್ರತಿ ಕಾಜದ ಲೆಕ್ಕ ಗೊತ್ತು. ಗಂಜಿಯ ಬಿಸಿ ಬೆರಳಿಗೆ ಗೊತ್ತು. ದುಡಿಯದವನ ಗುರುತಾಗಿದ್ದ ಅಂಗಿ ಅವನ ಮೈಮೇಲೆ ದುಡಿದವನ ಗುರುತಾಗುತ್ತದೆ.

ಮುಂದಿನ ಮೇಳದಲ್ಲಿ ಬೆಳ್ಳನೆಯ ಎದೆಯ ಡ್ರಾಕುಲಾ ಎದುರಾದರೆ, ಹೆದರುವ ಮೊದಲು 'ಅಂಗಿಗೆ ಗಂಜಿ ಹಾಕಿದವರಾರು?' ಎಂದು ಕೇಳಿ ನೋಡಿ. 'ನಾನೇ' ಎಂಬ ಉತ್ತರ ಬಂದರೆ ಬೆನ್ನು ತಟ್ಟಬಹುದು. ಎದೆ ಮಾತ್ರ ಮುಟ್ಟಬೇಡಿ, ಅದನ್ನು ಒಣಗಿಸಲು ಒಂದು ದಿನ ಹಿಡಿದಿರುತ್ತದೆ.